ಭಾನುವಾರ ಯಾರದ್ದು? ಹಾಂಗ್‌ಕಾಂಗ್‌ನ ಫಿಲಿಪಿನೋಗಳ ಆಟ ಮತ್ತು ಹಕ್ಕಿನ ಹೋರಾಟ: ಒಂದು ಟಿಪ್ಪಣಿ

ವಲಸೆಯ ಸಮಾಜಶಾಸ್ತ್ರ ಓದುತ್ತಿರುವ ಸಹಪಾಠಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಾಂಗ್‌ಕಾಂಗ್‌ನ ಫಿಲಿಪಿನೋಗಳಲ್ಲಿ ಹೆಚ್ಚಿನವರು ಮನೆಗೆಲಸಕ್ಕೆ ಬಂದ ಮಹಿಳೆಯರು. ಅಲ್ಲಿನ ಕಾನೂನಿನಂತೆ ಮನೆಗೆಲಸದವರಿಗೆ ಏಳು ದಿನಕ್ಕೊಂದು ರಜೆ ಸಿಗಬೇಕು. ಹೆಚ್ಚಿನವರಿಗೆ ಅದು ಭಾನುವಾರ. ಚರ್ಚು, ಊರಿಗೆ ಹಣ ಕಳಿಸುವ ಸರದಿ, ಆಟದ ಅಭ್ಯಾಸ, ಸಂಘದ ಸಭೆ ಎಲ್ಲವೂ ಆ ಒಂದೇ ದಿನದೊಳಗೆ ಮುಗಿಯಬೇಕು. ಆಟಕ್ಕೂ ಹೋರಾಟಕ್ಕೂ ಜಗಳ ಹುಟ್ಟುವುದು ಇಲ್ಲಿಂದ. ಸಿದ್ಧಾಂತದ ಮಾತು ಆಮೇಲೆ.

ಲೀಗ್

ರಜೆಯ ದಿನ ನಡೆಯುವ ಕ್ರೀಡಾ ಲೀಗನ್ನು ಫಿಲಿಪಿನೋಗಳು ‘ಲಿಗಾ’ ಎನ್ನುತ್ತಾರೆ. ಬ್ಯಾಸ್ಕೆಟ್‌ಬಾಲ್ ಮುಖ್ಯ, ವಾಲಿಬಾಲ್ ಕೂಡ ಉಂಟು. ಉದ್ಘಾಟನೆಯ ದಿನ ಹೊಸ ಜೆರ್ಸಿ ತೊಟ್ಟ ತಂಡಗಳ ಮೆರವಣಿಗೆ. ಪ್ರತಿ ತಂಡದ ಮುಂದೆ ಅಲಂಕರಿಸಿಕೊಂಡ ‘ಮ್ಯೂಸ್’, ಅಂದರೆ ತಂಡದ ಸುಂದರಿ. ಪ್ರಾರ್ಥನೆ, ರಾಷ್ಟ್ರಗೀತೆ, ವೇದಿಕೆಯ ಮೇಲೆ ಅತಿಥಿಗಳು. ಪ್ರಾಯೋಜಕರಲ್ಲಿ ಹಣ ರವಾನಿಸುವ ಕಂಪನಿಗಳಿರುತ್ತವೆ, ಅತಿಥಿಗಳಲ್ಲಿ ಫಿಲಿಪೀನ್ಸ್ ಕಾನ್ಸುಲೇಟ್‌ನವರಿರುತ್ತಾರೆ. ಹಕ್ಕಿನ ಸಂಘಟನೆಗಳು ಪ್ರಶ್ನೆ ಕೇಳಬೇಕಾದದ್ದು ಬಹುಪಾಲು ಇವರನ್ನೇ. ಹೀಗಿರುವಾಗ ‘ಇಲ್ಲಿ ರಾಜಕೀಯ ಬೇಡ’ ಎಂಬ ನಿಯಮ ಲೀಗ್ ಉಳಿಯುವ ಶರತ್ತೇ ಆಗಿಬಿಡುತ್ತದೆ.

ಹೋರಾಟ

1982ರಲ್ಲಿ ಫಿಲಿಪೀನ್ಸ್‌ನ ಮಾರ್ಕೋಸ್ ಸರ್ಕಾರ ಹೊರಡಿಸಿದ 857ನೇ ಆದೇಶದಂತೆ, ಮನೆಗೆಲಸದವರು ಸಂಬಳದ ಅರ್ಧವನ್ನು ಕಡ್ಡಾಯವಾಗಿ ಬ್ಯಾಂಕಿನ ಮೂಲಕವೇ ಊರಿಗೆ ಕಳಿಸಬೇಕಿತ್ತು. ಇಲ್ಲದಿದ್ದರೆ ಪಾಸ್‌ಪೋರ್ಟ್ ನವೀಕರಣಕ್ಕೆ ಕುತ್ತು. ಇದರ ವಿರುದ್ಧ ಹಾಂಗ್‌ಕಾಂಗ್‌ನ ಸಂಘಗಳು ಒಟ್ಟಾದವು. ಆ ಒಗ್ಗಟ್ಟಿನಿಂದಲೇ 1985ರಲ್ಲಿ ಯುನಿಫಿಲ್ ಒಕ್ಕೂಟ ಹುಟ್ಟಿತು. ಇನ್ನೊಂದು ಹಕ್ಕು, ಹೊರದೇಶದಲ್ಲಿದ್ದುಕೊಂಡೇ ತಾಯ್ನಾಡಿನ ಚುನಾವಣೆಯಲ್ಲಿ ಮತ ಹಾಕುವುದು. ಅದಕ್ಕೆ ಫಿಲಿಪೀನ್ಸ್‌ನ 1987ರ ಸಂವಿಧಾನದಲ್ಲಿಯೇ ಅವಕಾಶವಿತ್ತು. ಕಾನೂನು ಬಂದದ್ದು ಮಾತ್ರ 2003ರಲ್ಲಿ, ಮೊದಲ ಮತ ಬಿದ್ದದ್ದು 2004ರಲ್ಲಿ.

ಶೇಕಡಾವಾರಿನ ಬಲೆ (ಇಲ್ಲಿ ನಿಧಾನವಾಗಿ ಓದಿ)

ಹೊರದೇಶಗಳಲ್ಲಿರುವ ಫಿಲಿಪಿನೋಗಳ ಮತದಾನ 2004ರಲ್ಲಿ ಸುಮಾರು ಶೇ. 65 ಇದ್ದದ್ದು 2016ರಲ್ಲಿ ಶೇ. 31ರ ಆಸುಪಾಸಿಗೆ ಇಳಿಯಿತು. ಇದನ್ನು ಕಂಡೊಡನೆ ‘ಜನ ಆಟಕ್ಕೆ ಸೇರುತ್ತಾರೆ, ಮತಕ್ಕೆ ಬರುವುದಿಲ್ಲ’ ಎಂದು ತೀರ್ಪು ಕೊಡುವ ಆಸೆಯಾಗುತ್ತದೆ. ತಡೆಯಿರಿ. ಭಾಗಿಸುವ ಸಂಖ್ಯೆ ಯಾವುದು ಎಂದು ಮೊದಲು ನೋಡಿ. 2004ರಲ್ಲಿ ನೋಂದಾಯಿಸಿದವರು ಸುಮಾರು 3.6 ಲಕ್ಷ, ಮತ ಹಾಕಿದವರು 2.3 ಲಕ್ಷ. 2016ರಲ್ಲಿ ನೋಂದಾಯಿಸಿದವರು ಸುಮಾರು 13.7 ಲಕ್ಷ, ಮತ ಹಾಕಿದವರು 4.3 ಲಕ್ಷ. ಶೇಕಡಾವಾರು ಅರ್ಧಕ್ಕಿಂತ ಕೆಳಗಿಳಿದಿದೆ. ಮತ ಹಾಕಿದವರು ಹೆಚ್ಚುಕಡಿಮೆ ಎರಡರಷ್ಟಾಗಿದ್ದಾರೆ! ಎರಡೂ ಒಟ್ಟಿಗೇ ನಿಜ. ಆರಂಭದಲ್ಲಿ ಹಟ ಹಿಡಿದು ನೋಂದಾಯಿಸಿದವರು ಹಟ ಹಿಡಿದೇ ಮತ ಹಾಕಿದರು. ಪಟ್ಟಿ ಬೆಳೆದಂತೆ ಅಷ್ಟು ಹಟವಿಲ್ಲದವರೂ ಅದರೊಳಗೆ ಬಂದರು ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ಲೆಕ್ಕ. 2016ರಲ್ಲಿ ಹೊರದೇಶದ ಮತದಾನ ಏಪ್ರಿಲ್ 9ರಿಂದ ಮೇ 9ರವರೆಗೆ ನಡೆಯಿತು. ಕಾಗದದ ಮೇಲೆ ಒಂದು ತಿಂಗಳು. ಭಾನುವಾರ ಮಾತ್ರ ಬಿಡುವಿರುವವಳಿಗೆ ಅದು ಐದೇ ದಿನ: ಏಪ್ರಿಲ್ 10, 17, 24, ಮೇ 1, 8. ಅವಳ ತಂಡದ ಪಂದ್ಯವೂ ಅದೇ ಐದು ದಿನಗಳಲ್ಲಿ ಬರುತ್ತದೆ. ಹಾಗಾಗಿ ‘ನಿರಾಸಕ್ತಿ’ ಎಂದು ಬರೆಯುವ ಮುನ್ನ ಕ್ಯಾಲೆಂಡರ್ ತೆರೆಯಿರಿ.

ಎರಡೂ ಸೇರುವ ಕಡೆ

ತಂಡದ ಪಟ್ಟಿಯಲ್ಲಿ ಹೆಸರು, ಊರು, ಫೋನ್ ಸಂಖ್ಯೆ ಇರುತ್ತವೆ. ಸಂಬಳ ತಡೆಹಿಡಿಯಲ್ಪಟ್ಟವಳು ಮೊದಲು ಕರೆಯುವುದು ಗುರುತಿನವರನ್ನು, ಹಲವೊಮ್ಮೆ ಜೊತೆಯಲ್ಲಿ ಆಡುವವಳನ್ನೇ. ಹೋರಾಟಗಾರರು ಲೀಗನ್ನು ಕಾಲಹರಣವೆಂದು ಜರೆದರೆ ಈ ದಾರಿಯನ್ನೇ ಕಳೆದುಕೊಳ್ಳುತ್ತಾರೆ. ಸೌದಿ, ಯುಎಇಗಳಲ್ಲಿ ಕಾರ್ಮಿಕ ಸಂಘ ಕಟ್ಟುವುದೇ ನಿಷಿದ್ಧ. ಅಲ್ಲಿ ರಾಜಕೀಯ ಬೇಡವೆನ್ನುವ ಕ್ರೀಡಾ ಸಂಘಟಕರನ್ನು ಅಂಜುಬುರುಕರೆಂದು ಕರೆಯುವುದು ಅನ್ಯಾಯ.

ಕೊಲ್ಲಿಯಲ್ಲಿ ಕ್ರಿಕೆಟ್ ಟೂರ್ನಿ ನಡೆಸುವ ಕನ್ನಡಿಗರೊಂದಿಗೆ ಹೋಲಿಸಬಹುದು, ಆದರೆ ಒಂದು ವ್ಯತ್ಯಾಸ ಮರೆಯಬೇಡಿ: ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿ ಹೆಸರು ನೋಂದಾಯಿಸಿದರೂ ಊರಿನ ಮತಗಟ್ಟೆಗೇ ಬಂದು ಮತ ಹಾಕಬೇಕು.

2025ರಲ್ಲಿ ಫಿಲಿಪೀನ್ಸ್ ಹೊರದೇಶದವರಿಗೆ ಇಂಟರ್‌ನೆಟ್ ಮತದಾನ ತಂದಿತು. ಸಮಯವೊಂದೇ ತೊಡಕಾಗಿದ್ದರೆ ಅದು ಇನ್ನು ಸಡಿಲವಾಗಬೇಕು; ಪ್ರಾಯೋಜಕರು ಮತ್ತು ಅತಿಥಿಗಳ ಮುಲಾಜು ಮಾತ್ರ ಇದರಿಂದ ಬಗೆಹರಿಯುವಂಥದ್ದಲ್ಲ.