ಕಿಟಕಿ ಇದೆ, ಅದರ ಆಚೆ ಏನಿದೆ?

ನಕ್ಷೆಯ ಪ್ರಕಾರ ಆ ಕೋಣೆಗೆ ಕಿಟಕಿ ಇತ್ತು. ಬಾಡಿಗೆಗೆ ಮನೆ ನೋಡಲು ಹೋದ ದಿನ ನಾನೂ ಕಿಟಕಿ ಇದೆಯಾ ಎಂದು ನೋಡಿದೆ, ಅಷ್ಟೇ. ತೆರೆದು ನೋಡುವ ಬುದ್ಧಿ ಬರಲಿಲ್ಲ. ಸಾಮಾನು ಇಳಿಸಿ ಸಂಜೆ ತೆರೆದೆ. ಸರಳುಗಳ ನಡುವೆ ಕೈ ತೂರಿಸಿದರೆ ಮೊಣಕೈ ದಾಟುವ ಮೊದಲೇ ಪಕ್ಕದ ಮನೆಯ ಗೋಡೆ ಸಿಕ್ಕಿತು. ಗಾರೆ ಮಾಡದ ಇಟ್ಟಿಗೆ ಗೋಡೆ, ಮುಟ್ಟಿದರೆ ತಣ್ಣಗೆ, ಸ್ವಲ್ಪ ಒದ್ದೆ.

ಟಿಶ್ಯೂ ಪೇಪರಿನ ಒಂದು ಸಣ್ಣ ಪಟ್ಟಿ ಹರಿದು ಸರಳಿಗೆ ಅಂಟಿಸಿದೆ. ಆ ಹೊತ್ತಿಗೆ ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ಪಟಪಟ ಹಾರುತ್ತಿತ್ತು. ನನ್ನ ಪೇಪರ್ ಮಾತ್ರ ನೇತಾಡಿಕೊಂಡೇ ಇತ್ತು, ಒಂಚೂರೂ ಅಲುಗಲಿಲ್ಲ.

ಮನೆ ಸುತ್ತ ಇಷ್ಟು ಅಡಿ ಜಾಗ ಬಿಡಬೇಕು ಎಂಬ ನಿಯಮವನ್ನು ನಾವು ಸಾಮಾನ್ಯವಾಗಿ ಕಚೇರಿಯ ಕಿರಿಕಿರಿ ಎಂದುಕೊಳ್ಳುತ್ತೇವೆ. ಸೆಟ್‌ಬ್ಯಾಕ್ ಎಂದರೆ ಸುಮ್ನೆ ದಂಡವಾದ ಜಾಗ ಎಂಬ ಲೆಕ್ಕ. ಆದರೆ ಕಿಟಕಿ ಎಂಬುದು ಅರ್ಧ ವಸ್ತು. ಅದರ ಇನ್ನರ್ಧ ಹೊರಗಿರುವ ಆ ಖಾಲಿ ಜಾಗ. ಅದಿಲ್ಲದಿದ್ದರೆ ಕಿಟಕಿ ಬರೀ ಗೋಡೆಯಲ್ಲಿನ ತೂತು.

ಮೊದಲು ಕೋಣೆಯೊಳಗೆ ರಾತ್ರಿ ಏನಾಗುತ್ತದೆ ನೋಡೋಣ. ಉದ್ದ, ಅಗಲ, ಎತ್ತರ ಎಲ್ಲ ಹತ್ತು ಅಡಿ ಇರುವ ಕೋಣೆಯಲ್ಲಿ ಸುಮಾರು 28,000 ಲೀಟರ್ ಗಾಳಿ ಇರುತ್ತದೆ. ಮಲಗಿದ ಒಬ್ಬರು ಗಂಟೆಗೆ ಸುಮಾರು 12 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಇಬ್ಬರು, ಎಂಟು ಗಂಟೆ ಎಂದರೆ ಹತ್ತಿರ ಹತ್ತಿರ 200 ಲೀಟರ್. ಕೋಣೆ ಪೂರ್ತಿ ಬಿಗಿಯಾಗಿದ್ದರೆ ಬೆಳಿಗ್ಗೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 7,000 ಪಾಲು ಅದೇ ಆಗಿರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದು 420ರಷ್ಟು. ಯಾವ ಕೋಣೆಯೂ ಅಷ್ಟು ಬಿಗಿ ಇರುವುದಿಲ್ಲ, ಬಾಗಿಲ ಸಂದಿಯಲ್ಲಾದರೂ ಗಾಳಿ ಆಡುತ್ತದೆ. ಆದರೂ ಮುಚ್ಚಿದ ಮಲಗುವ ಕೋಣೆಯಲ್ಲಿ 2,000 ದಾಟುವುದು ತೀರಾ ಮಾಮೂಲು.

ಈ ಮಟ್ಟದಲ್ಲಿ ಕಾರ್ಬನ್ ಡೈಆಕ್ಸೈಡ್ ವಿಷವೇನಲ್ಲ. ಅದು ಒಂದು ಲೆಕ್ಕದ ಕಡ್ಡಿ. ಕೋಣೆಯ ಗಾಳಿಯಲ್ಲಿ ಎಷ್ಟು ಪಾಲು ಆಗಲೇ ಯಾರದೋ ಎದೆಗೂಡಿನಿಂದ ಬಂದದ್ದು ಎಂದು ಅದು ಹೇಳುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 40,000. ಹಾಗಾಗಿ ಕೋಣೆಯಲ್ಲಿ 2,400 ತೋರಿಸಿದರೆ, ಎಳೆದುಕೊಳ್ಳುವ ಪ್ರತಿ ಇಪ್ಪತ್ತು ಉಸಿರಿನಲ್ಲಿ ಒಂದು ಉಸಿರಿನಷ್ಟು ಗಾಳಿ ಎಂಜಲು. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1858ರಲ್ಲೇ ಈ ಕಡ್ಡಿ ಹಿಡಿದು ಕೋಣೆಗಳನ್ನು ಅಳೆದಿದ್ದರು. 1,000 ದಾಟಬಾರದು ಎಂದು ಅವರು ಹೇಳಿದ ಗೆರೆ ಈಗಲೂ ಬಳಕೆಯಲ್ಲಿದೆ. ಆಗ ಹೊರಗಿನ ಗಾಳಿಯಲ್ಲೇ ಅದು 300ರ ಒಳಗಿತ್ತು, ಅದು ಬೇರೆ ಕಥೆ.

ಉಸಿರಿನ ಜೊತೆ ನೀರೂ ಹೊರಬರುತ್ತದೆ. ಉಸಿರು, ಬೆವರು ಸೇರಿ ಒಬ್ಬರಿಂದ ರಾತ್ರಿಗೆ ಕಾಲು ಲೀಟರಿಗಿಂತ ಜಾಸ್ತಿ. ಹೋಗಲು ದಾರಿ ಇಲ್ಲದಿದ್ದರೆ ಆ ಆವಿ ಕೋಣೆಯ ಅತಿ ತಣ್ಣನೆಯ ಜಾಗ ಹುಡುಕಿಕೊಂಡು ಕೂರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕಿದ್ದು ಬೀರುವಿನ ಹಿಂದಿನ ಗೋಡೆ. ಆರು ತಿಂಗಳ ನಂತರ ಬೀರು ಸರಿಸಿದಾಗ ಗೋಡೆಯ ಮೇಲೆ ಅದರದೇ ಆಕಾರದಲ್ಲಿ ಕಪ್ಪು ಬೂಷ್ಟು. ಹತ್ತಿರದಿಂದ ನೋಡಿದರೆ ಮಸಿ ಚುಕ್ಕಿಗಳು, ಒಂದೊಂದಕ್ಕೂ ತೆಳುವಾದ ಬೂದು ಅಂಚು. ಉಸಿರಾಟದ ತೊಂದರೆ ಇರುವವರಿಗೆ ಇಂಥ ಗೋಡೆ ಒಳ್ಳೆಯದಲ್ಲ.

ಇನ್ನು ಗಾಳಿ ಚಲಿಸುವುದು ಹೇಗೆ? ಗಾಳಿಗೆ ಕಿಟಕಿ ಕಂಡರೆ ಒಳಗೆ ಬರಬೇಕೆಂಬ ಆಸೆಯೇನೂ ಇಲ್ಲ. ಒಂದು ಕಡೆ ಒತ್ತಡ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ ಮಾತ್ರ ಅದು ಹರಿಯುತ್ತದೆ. ಗಾಳಿ ಬೀಸಿ ಬಡಿಯುವ ಗೋಡೆಯ ಕಡೆ ಒತ್ತಡ ಜಾಸ್ತಿ, ಮನೆಯ ಬೆನ್ನಿನ ಕಡೆ ಕಡಿಮೆ. ಎರಡೂ ಕಡೆ ಬಾಯಿ ತೆರೆದಿದ್ದರೆ ಮನೆ ಒಂದು ಕೊಳವೆಯಂತಾಗುತ್ತದೆ. ಒಂದೇ ಗೋಡೆಗೆ ಎರಡು ಕಿಟಕಿ ಇಟ್ಟರೆ ಈ ಲಾಭ ಸಿಗುವುದು ತೀರಾ ಕಡಿಮೆ, ಏಕೆಂದರೆ ಎರಡಕ್ಕೂ ಹೆಚ್ಚುಕಡಿಮೆ ಅದೇ ಒತ್ತಡ.

ಕಿರಿದಾದ ಸಂದಿಯ ಕಥೆ ಇನ್ನೂ ಕಷ್ಟ. ಹೊಳೆಯ ಬಂಡೆಯಲ್ಲಿ ಆಳವಾದ ಗುಂಡಿ ಇರುತ್ತದಲ್ಲ, ನೀರು ಅದರ ಮೇಲಿಂದ ಜಾರಿ ಹೋಗುತ್ತದೆ. ಗುಂಡಿಯೊಳಗೆ ಬಿದ್ದ ಎಲೆ ಅಲ್ಲೇ ಸುತ್ತುತ್ತಾ ಇರುತ್ತದೆ. ಎರಡು ಎತ್ತರದ ಗೋಡೆಗಳ ನಡುವಿನ ಸಂದಿಯಲ್ಲೂ ಇದೇ ಆಗುತ್ತದೆ. ಅಗಲಕ್ಕಿಂತ ಎತ್ತರ ಜಾಸ್ತಿಯಾದಷ್ಟೂ ಗಾಳಿ ಚಾವಣಿಗಳ ಮೇಲಿಂದಲೇ ಹೋಗಿಬಿಡುತ್ತದೆ. ಸಂದಿ ತೀರಾ ಆಳವಾದರೆ ಮೇಲ್ಭಾಗದ ಗಾಳಿ ಒಂದು ಸುಳಿಯಾಗಿ ಸುತ್ತುತ್ತದೆ, ತಳದ ಗಾಳಿ ಅದಕ್ಕೂ ಸೇರದೆ ತನ್ನ ಪಾಡಿಗೆ ಕೂತಿರುತ್ತದೆ. ಬಟ್ಟೆ ಹಾರುತ್ತಿದ್ದಾಗಲೂ ನನ್ನ ಪೇಪರ್ ಯಾಕೆ ಅಲುಗಲಿಲ್ಲ ಎಂಬುದಕ್ಕೆ ಉತ್ತರ ಇದೇ.

ಇದನ್ನು ಒಂದು ಇಡೀ ನಗರವೇ ತಪ್ಪು ಮಾಡಿ ಕಲಿತಿದೆ. ನ್ಯೂಯಾರ್ಕ್‌ನಲ್ಲಿ ಬಡವರ ಬಹುಮಹಡಿ ಮನೆಗಳ ಒಳಕೋಣೆಗಳಿಗೆ ಕಿಟಕಿಯೇ ಇರುತ್ತಿರಲಿಲ್ಲ. 1879ರ ಕಾನೂನು ಕಿಟಕಿ ಬೇಕೇ ಬೇಕು ಎಂದಿತು. ನಿವೇಶನಗಳೋ 25 ಅಡಿ ಅಗಲ, 100 ಅಡಿ ಉದ್ದ. ಜಾಗ ಬಿಡಲು ಯಾರಿಗೂ ಮನಸ್ಸಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ನಡೆದ ಸ್ಪರ್ಧೆಯಲ್ಲಿ ಜೇಮ್ಸ್ ವೇರ್ ಎಂಬ ವಾಸ್ತುಶಿಲ್ಪಿಯ ನಕ್ಷೆಗೆ ಮೊದಲ ಬಹುಮಾನ ಬಂದಿತ್ತು. ಕಟ್ಟಡದ ನಡು ಭಾಗವನ್ನು ಎರಡೂ ಬದಿಯಲ್ಲಿ ಸ್ವಲ್ಪ ಒಳಕ್ಕೆ ಒತ್ತಿದ ನಕ್ಷೆ ಅದು. ಮೇಲಿಂದ ನೋಡಿದರೆ ವ್ಯಾಯಾಮದ ಡಂಬೆಲ್‌ನಂತೆ. ಒತ್ತಿದ ಜಾಗ ಸುಮಾರು 28 ಇಂಚು. ಪಕ್ಕದವರೂ ಹಾಗೇ ಕಟ್ಟಿದರೆ ಎರಡೂ ಸೇರಿ ಐದಡಿಗೂ ಕಡಿಮೆ. ಐದಾರು ಮಹಡಿ ಆಳ, ಸುತ್ತಲೂ ಮುಚ್ಚಿದ ಬಾವಿ. ಒಂದು ಮಹಡಿಯ ಹದಿನಾಲ್ಕು ಕೋಣೆಗಳಲ್ಲಿ ಹತ್ತು ಕೋಣೆಗಳ ಕಿಟಕಿ ಈ ಬಾವಿಗೇ ತೆರೆಯುತ್ತಿತ್ತು.

ಕಾನೂನಿನ ಪ್ರಕಾರ ಎಲ್ಲ ಸರಿ ಇತ್ತು. ಪ್ರತಿ ಕೋಣೆಗೂ ಕಿಟಕಿ ಇತ್ತಲ್ಲ! ಆದರೆ ಕೆಳಗಿನ ಮಹಡಿಗಳಿಗೆ ಹಗಲಲ್ಲೂ ಬೆಳಕು ಬರಲಿಲ್ಲ. ಜನ ಕಸವನ್ನು ಕಿಟಕಿಯಿಂದಲೇ ಬಾವಿಗೆ ಎಸೆದರು. ತೆಗೆಯಲು ಯಾರೂ ಇಳಿಯುವಂತಿಲ್ಲ. ಕೊಳೆತ ವಾಸನೆ ಮೇಲೆ ಬಂತು. ಎದುರು ಮನೆಯ ಜಗಳ, ಕೆಮ್ಮು ಎಲ್ಲ ಪಕ್ಕದಲ್ಲೇ ಕೂತಂತೆ ಕೇಳಿಸಿತು. ಕಿಟಕಿಗಳನ್ನು ಮುಚ್ಚಿಕೊಂಡೇ ಬದುಕಿದರು. ಕೆಳಗೆ ಬೆಂಕಿ ಬಿದ್ದರೆ ಆ ಬಾವಿ ಚಿಮಣಿಯಾಗಿ ಜ್ವಾಲೆಯನ್ನು ಎಲ್ಲ ಮಹಡಿಗಳಿಗೂ ಹಂಚುತ್ತಿತ್ತು. 1901ರಲ್ಲಿ ಹೊಸ ಕಾನೂನು ಬಂದು ಇಂಥ ಕಟ್ಟಡಗಳನ್ನು ನಿಲ್ಲಿಸಿತು. ಕಿಟಕಿಯ ಲೆಕ್ಕದ ಜೊತೆ, ಅದು ತೆರೆಯುವ ಅಂಗಳದ ಅಳತೆಯನ್ನೂ ಆ ಕಾನೂನು ಹೇಳಿತು.

ಇಂಗ್ಲೆಂಡಿನ ಪಾಠ ಇನ್ನೊಂದು ಬಗೆಯದು. ಕಿಟಕಿಗೆ ತೆರಿಗೆ ಹಾಕಿದ ದೇಶ ಅದು, 1696ರಿಂದ 1851ರವರೆಗೆ. ತೆರಿಗೆ ಉಳಿಸಲು ಜನ ಕಿಟಕಿಗೆ ಇಟ್ಟಿಗೆ ತುಂಬಿಸಿಬಿಡುತ್ತಿದ್ದರು. ಕಾರ್ಖಾನೆ ಊರುಗಳಲ್ಲಿ ಕಾರ್ಮಿಕರಿಗೆ ಬೆನ್ನಿಗೆ ಬೆನ್ನು ಅಂಟಿಸಿದ ಮನೆಗಳ ಸಾಲು ಎದ್ದವು. ಹಿಂದಿನ ಗೋಡೆ ಇಬ್ಬರಿಗೂ ಒಂದೇ, ಹಾಗಾಗಿ ಗಾಳಿ ಮುಂದಿನಿಂದ ಬಂದು ಹಿಂದೆ ಹೋಗುವ ಪ್ರಶ್ನೆಯೇ ಇಲ್ಲ. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ ಬಂದ ಮಾದರಿ ನಿಯಮಗಳು ಹಿತ್ತಲಲ್ಲಿ ಕನಿಷ್ಠ 150 ಚದರ ಅಡಿ ತೆರೆದ ಜಾಗ ಕೇಳಿದವು. ಕಿಟಕಿ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಇರಬೇಕು, ಅದರಲ್ಲಿ ಅರ್ಧ ತೆರೆಯುವಂತಿರಬೇಕು ಎಂದವು. ಈ ಹತ್ತನೇ ಒಂದು ಎಂಬ ಲೆಕ್ಕ ಆಮೇಲೆ ಬೇರೆ ದೇಶಗಳ ನಿಯಮಗಳಲ್ಲೂ ಕಾಣಿಸಿಕೊಂಡಿತು. ಬೆನ್ನಿಗೆ ಬೆನ್ನು ಮನೆಗಳನ್ನು ಹೊಸದಾಗಿ ಕಟ್ಟಬಾರದು ಎಂದು 1909ರಲ್ಲಿ ದೇಶಕ್ಕೆಲ್ಲ ನಿಷೇಧ ಬಂತು. ಲೀಡ್ಸ್‌ನವರು ಮಾತ್ರ 1937ರವರೆಗೂ ಕಟ್ಟುತ್ತಲೇ ಇದ್ದರು.

ನನಗೆ ತುಂಬಾ ಇಷ್ಟವಾದ ನಿಯಮ ಲಂಡನ್ನಿನ 1894ರ ಕಟ್ಟಡ ಕಾಯ್ದೆಯ ಒಂದು ಕೋನ. ಹಿತ್ತಲಿನ ಆಚೆ ಅಂಚಿನಲ್ಲಿ ನಿಂತು, ನೆಲದಿಂದ ಮನೆಯ ಕಡೆಗೆ 63½ ಡಿಗ್ರಿಯಲ್ಲಿ ಒಂದು ಗೆರೆ ಎಳೆಯಿರಿ. ಮನೆಯ ಹಿಂಭಾಗ ಆ ಗೆರೆಯನ್ನು ಮೀರಿ ಏಳಬಾರದು. ಯಾಕೆ ಈ ವಿಚಿತ್ರ ಸಂಖ್ಯೆ? ಆ ಕೋನದಲ್ಲಿ ಎತ್ತರ ಸರಿಯಾಗಿ ಜಾಗದ ಎರಡರಷ್ಟಾಗುತ್ತದೆ. ಹತ್ತಡಿ ಬಿಟ್ಟರೆ ಇಪ್ಪತ್ತಡಿ ಏರಬಹುದು, ಅಷ್ಟೇ. 1896ರ ಪ್ಲೇಗ್ ಆದ ಮೇಲೆ ಮುಂಬೈಯಲ್ಲಿ ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ ಕೂಡ ಇದೇ ಕೋನ ಹಿಡಿದುಕೊಂಡಿತು. ಎಷ್ಟು ಎತ್ತರಕ್ಕೆ ಹೋಗುತ್ತೀರೋ ಅದಕ್ಕೆ ತಕ್ಕಷ್ಟು ಹಿಂದೆ ಸರಿಯಿರಿ ಎಂಬುದು ಒಂದೇ ಗೆರೆಯಲ್ಲಿ ಬಂದುಬಿಡುತ್ತದೆ. ಈಗ ಮೂರಡಿ ಸಂದಿ ಬಿಟ್ಟು ಮೂವತ್ತಡಿ ಎದ್ದ ಮನೆಯನ್ನು ಅಳೆದರೆ ಕೋನ 84 ಡಿಗ್ರಿ. ತಳದ ಕಿಟಕಿಯಿಂದ ಆಕಾಶ ನೋಡಬೇಕಾದರೆ ಕತ್ತು ಹೊರಗೆ ಹಾಕಿ ಮೇಲೆ ನೋಡಬೇಕು.

ಆಕಾಶ ಕಾಣುವುದು ಬರೀ ಚೆಂದಕ್ಕಲ್ಲ. ಬಿಸಿಲು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ ಎಂದು ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಸಂಶೋಧಕರು 1877ರಲ್ಲೇ ತೋರಿಸಿದ್ದರು. ಕಿಟಕಿಯ ಗಾಜು ಬಿಸಿಲಿನ ಚುರುಕನ್ನು ಬಹಳಷ್ಟು ಸೋಸಿಬಿಡುತ್ತದೆ, ನಿಜ. ಆದರೆ 2018ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಮನೆ ದೂಳನ್ನು ಸಣ್ಣ ಗೂಡುಗಳಲ್ಲಿಟ್ಟು ನೋಡಿದಾಗ, ಕತ್ತಲಲ್ಲಿಟ್ಟ ದೂಳಿನಲ್ಲಿ ಬದುಕಿದ್ದ ಬ್ಯಾಕ್ಟೀರಿಯಾ ಶೇಕಡಾ 12ರಷ್ಟಿದ್ದರೆ, ಗಾಜಿನ ಮೂಲಕ ಬೆಳಕು ಬಿದ್ದ ದೂಳಿನಲ್ಲಿ ಶೇಕಡಾ 7ರೊಳಗೆ ಇತ್ತು.

ಗಾಳಿಯಿಂದ ರೋಗ ಹರಡುತ್ತದೆ ಎಂಬುದನ್ನು ವೈದ್ಯಲೋಕ ಒಪ್ಪಲು ಬಹಳ ಕಾಲ ಹಿಡಿಯಿತು. 1950ರ ದಶಕದಲ್ಲಿ ಬಾಲ್ಟಿಮೋರ್‌ನ ಒಂದು ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಿನ ಗೂಡಿಗೆ ಒಯ್ದರು. ಗೂಡಿನಲ್ಲಿ ಗಿನಿಯಿಲಿಗಳು. ರೋಗಿಗಳಿಗೂ ಅವಕ್ಕೂ ನಡುವೆ ಸಂಬಂಧ ಎಂದರೆ ಆ ಗಾಳಿ ಒಂದೇ. ಗಿನಿಯಿಲಿಗಳಿಗೆ ಕ್ಷಯ ಬಂತು. ಹಾಗಾದರೆ ಆ ಗಾಳಿಯನ್ನು ತೆಳುಮಾಡುವುದು ಹೇಗೆ? ಪೆರುವಿನ ಲಿಮಾದಲ್ಲಿ ಎಂಟು ಆಸ್ಪತ್ರೆಗಳ 70 ಕೋಣೆಗಳನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಕಿಟಕಿ ಬಾಗಿಲು ತೆರೆದಿಟ್ಟರೆ ಕೋಣೆಯ ಗಾಳಿ ಗಂಟೆಗೆ ಸುಮಾರು 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿ ಆಡಿಸುವ ಕೋಣೆಗಳಿಗೆ ಶಿಫಾರಸು ಇದ್ದದ್ದು 12 ಸಲ. ಇನ್ನೂ ಮಜಾ ಎಂದರೆ ಎತ್ತರದ ಚಾವಣಿ, ದೊಡ್ಡ ಕಿಟಕಿ ಇದ್ದ ಹಳೆಯ ಕಟ್ಟಡಗಳಲ್ಲಿ 40 ಸಲ, ಹೊಸ ಕಟ್ಟಡಗಳಲ್ಲಿ 17. ಹಳಬರಿಗೆ ಅಂಕಿ ಗೊತ್ತಿರಲಿಲ್ಲ, ಆದರೆ ಕಟ್ಟಿದ್ದು ಸರಿಯಾಗಿತ್ತು.

ಸಂದಿಯ ಗಾಳಿ ಸುಮ್ಮನೆ ನಿಂತಿದ್ದರೆ ಒಂದು ತೊಂದರೆ, ಮೇಲೇರಿದರೆ ಇನ್ನೊಂದು. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ ಬಂದಾಗ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಕೆಲವೇ ವಾರಗಳಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. 33 ಮಹಡಿಯ ಕಟ್ಟಡಗಳು. ಅಕ್ಕಪಕ್ಕದ ಫ್ಲ್ಯಾಟ್‌ಗಳ ಬಚ್ಚಲು ಕಿಟಕಿಗಳು ತೆರೆಯುತ್ತಿದ್ದುದು ಸುಮಾರು ಒಂದೂವರೆ ಮೀಟರ್ ಅಗಲದ ಸಂದಿಗೆ. ತನಿಖೆ ಮಾಡಿದವರು ಬಿಡಿಸಿದ ಸರಣಿ ಹೀಗಿದೆ. ಬಚ್ಚಲಿನ ನೀರು ಹೋಗುವ ಬಾಯಿಯ ಕೆಳಗೆ ಯು ಆಕಾರದ ಟ್ರ್ಯಾಪ್ ಇರುತ್ತದೆ. ಅದರಲ್ಲಿ ನಿಂತ ನೀರೇ ಕೊಳಚೆ ಪೈಪಿನ ಗಾಳಿಗೆ ಅಡ್ಡ. ಜನ ನೆಲಕ್ಕೆ ನೀರು ಹಾಕದೆ ಒರೆಸುತ್ತಿದ್ದರಿಂದ ಎಷ್ಟೋ ಟ್ರ್ಯಾಪ್‌ಗಳು ಒಣಗಿದ್ದವು. ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ ಹಚ್ಚಿದರೆ ಅದಕ್ಕೆ ಎಲ್ಲಿಂದಾದರೂ ಗಾಳಿ ಬೇಕಲ್ಲ, ಒಣಗಿದ ಟ್ರ್ಯಾಪ್‌ನಿಂದ ಎಳೆಯಿತು. ಪೈಪಿನಲ್ಲಿದ್ದ ವೈರಸ್ಸಿನ ತುಂತುರು ಬಚ್ಚಲಿಗೆ ಬಂತು, ಫ್ಯಾನ್ ಅದನ್ನು ಸಂದಿಗೆ ದೂಡಿತು. ಬೆಚ್ಚಗಿನ ಒದ್ದೆ ಗಾಳಿ ಹಗುರ, ಸಂದಿಯಲ್ಲಿ ಮೇಲೇರುತ್ತಾ ಮೇಲಿನ ಮನೆಗಳ ಕಿಟಕಿಗಳೊಳಗೆ ಹೋಯಿತು. ನಡುವೆ ನಾಲ್ಕು ಕಡೆಗೂ ತೆರೆದ ಜಾಗ ಇದ್ದಿದ್ದರೆ ಆ ತುಂತುರು ಚದುರಿ ತೆಳುವಾಗಿರುತ್ತಿತ್ತು.

ಹಾಗಾದರೆ ಮನೆ ನೋಡುವಾಗ ಏನು ನೋಡಬೇಕು? ಕಿಟಕಿ ತೆರೆಯಿರಿ, ಮೊದಲನೆಯದು ಅದು. ಕೋಣೆಯ ನಡುವೆ ಕುರ್ಚಿಯ ಮೇಲೆ ಕೂತಾಗ ಒಂದು ತುಂಡು ಆಕಾಶ ಕಾಣುತ್ತದಾ ನೋಡಿ. ಎದುರು ಬದಿಯಲ್ಲಿ ಇನ್ನೊಂದು ಬಾಯಿ ಇದೆಯಾ, ನಡುವಿನ ಬಾಗಿಲು ತೆರೆದರೆ ಪೇಪರ್ ಅಲುಗುತ್ತದಾ ನೋಡಿ. ಜಾಲರಿ ಇದ್ದರೆ ಅದರ ದೂಳು ತೊಳೆಯಿರಿ, ಕಟ್ಟಿಕೊಂಡ ಜಾಲರಿ ಗಾಳಿಯನ್ನು ಚೆನ್ನಾಗಿಯೇ ತಡೆಯುತ್ತದೆ. ಎದುರಿಗೇ ವಾಹನಗಳ ರಸ್ತೆ ಇದ್ದರೆ ತೆರೆದ ಕಿಟಕಿಯಿಂದ ಹೊಗೆ ಒಳಗೆ ಬರುತ್ತದೆ, ಅಂಥಲ್ಲಿ ಹಿಂದಿನ ಜಾಗಕ್ಕೆ ಇನ್ನೂ ಬೆಲೆ. ಆದರೆ ನಾವು ಮೊದಲು ಶೀಟ್ ಹಾಕಿ ಮುಚ್ಚುವುದು ಆ ಹಿಂದಿನ ಜಾಗವನ್ನೇ. ಹಳೆ ಸಾಮಾನು ಇಡಲು, ಒಂದು ಬೈಕು ನಿಲ್ಲಿಸಲು. ಮುಚ್ಚಿದ ದಿನ ಏನೂ ಗೊತ್ತಾಗುವುದಿಲ್ಲ.

ಆ ಬಾಡಿಗೆ ಮನೆಯ ಕಿಟಕಿಯ ಬಗ್ಗೆ ಒಂದು ಮಾತು ಹೇಳಲು ಉಳಿಯಿತು. ಎದುರಿನ ಇಟ್ಟಿಗೆ ಗೋಡೆಯನ್ನು ನಾನು ತಿಂಗಳುಗಟ್ಟಲೆ ಬೈದುಕೊಂಡಿದ್ದೆ. ಒಂದು ದಿನ ಪೇಪರ್ ಪಟ್ಟಿ ಬದಲಿಸುವಾಗ ಟಾರ್ಚ್ ಹಿಡಿದು ನೋಡಿದರೆ, ಆ ಗೋಡೆಯಲ್ಲಿ ಒಂದು ಚೌಕದಷ್ಟು ಇಟ್ಟಿಗೆಯ ಬಣ್ಣವೇ ಬೇರೆ. ಮೇಲೆ ಸಿಮೆಂಟಿನ ಸಣ್ಣ ಸಜ್ಜಾ ಕೂಡ ಇತ್ತು. ಅಲ್ಲಿ ಹಿಂದೆ ಕಿಟಕಿ ಇತ್ತು. ನಮ್ಮ ಮನೆಯ ಗೋಡೆ ಎದ್ದ ಮೇಲೆ ಅವರು ಅದನ್ನು ಮುಚ್ಚಿದ್ದರು.