ನಗರದ ಮಗು ಯಾವ ಇಲಾಖೆಯದ್ದು?

ದಾವಣಗೆರೆಯಲ್ಲಿ ಒಂದು ಮಗು ಶಾಲೆಗೆ ಬರುತ್ತಿಲ್ಲ ಅಂದುಕೊಳ್ಳಿ. ಯಾರನ್ನು ಕೇಳಬೇಕು? ಅಂಗನವಾಡಿ ವಯಸ್ಸಿನದಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಆರು ದಾಟಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ). ಕೆಲಸಕ್ಕೆ ಸೇರಿಕೊಂಡಿದ್ದರೆ ಕಾರ್ಮಿಕ ನಿರೀಕ್ಷಕರು. ಹಾಗಾದರೆ ಪಾಲಿಕೆ? ಚರಂಡಿ ಕಟ್ಟಿಕೊಂಡರೆ ಅಲ್ಲಿಗೆ ಹೋಗಬಹುದು.

ಅಂಗನವಾಡಿ ಯೋಜನೆ ಬಂದದ್ದು 1975ರಲ್ಲಿ, ಬಾಲಕಾರ್ಮಿಕ ಕಾಯ್ದೆ 1986ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಗಿದ್ದು 2010ರಲ್ಲಿ. ಒಂದೊಂದಕ್ಕೂ ಒಂದೊಂದು ಇಲಾಖೆ.

ಗಂಟು ಬಿದ್ದದ್ದು, ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳನ್ನು ಪಟ್ಟಿ ಮಾಡಿದ 1992ರ ಸಂವಿಧಾನ ತಿದ್ದುಪಡಿಗಳಲ್ಲಿ. ಪಂಚಾಯಿತಿಗಳ ಪಟ್ಟಿಯಲ್ಲಿ ಪ್ರಾಥಮಿಕ, ಪ್ರೌಢ ಶಿಕ್ಷಣವೂ ಇದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಇದೆ. ನಗರಗಳ ಪಟ್ಟಿಯಲ್ಲಿ 18 ವಿಷಯಗಳಿವೆ. ಉದ್ಯಾನ, ಆಟದ ಮೈದಾನ, ಸ್ಮಶಾನ ಎಲ್ಲ ಇವೆ. ಶಾಲೆ ಇಲ್ಲ. ‘ಶೈಕ್ಷಣಿಕ ಅಂಶಗಳ ಉತ್ತೇಜನ’ ಅಂತ ತೇಲಿಸಿದ ಒಂದು ಮಾತು ಮಾತ್ರ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆಯಾಯಿತು. ಈ ಪಟ್ಟಿ ಮಾತ್ರ ಹಾಗೇ ಇದೆ.

ಇದರ ಬಿಸಿ ತಟ್ಟಿದ್ದು ಮಂಡಕ್ಕಿ ಭಟ್ಟಿಗಳ ಕಡೆ. ಬೆಳಗಿನ ಜಾವಕ್ಕೇ ಒಲೆ ಹೊತ್ತಬೇಕು. ಕಾದ ಮರಳಿಗೆ ಅಕ್ಕಿ ಸುರಿದು, ಅರಳಿದ ಕೂಡಲೇ ಜರಡಿ ಹಿಡಿಯಬೇಕು. ತಡವಾದರೆ ಸೀದು ಹೋಗುತ್ತದೆ. ಮನೆಮಂದಿಯೆಲ್ಲ ಕೈ ಹಾಕುವ ಕೆಲಸ ಇದು. ಮಗು ‘ಸುಮ್ನೆ ಅಮ್ಮನ ಜೊತೆ’ ಬಂದಿದೆಯೋ, ಕೂಲಿಗೆ ಬಂದಿದೆಯೋ, ಹೇಳುವವರು ಯಾರು? 1986ರ ಕಾಯ್ದೆಯೇ ಮನೆಯವರ ಕಸುಬಿಗೆ ವಿನಾಯಿತಿ ಕೊಟ್ಟಿತ್ತು. 2016ರಲ್ಲಿ 14ರೊಳಗಿನವರ ದುಡಿಮೆಗೆ ಪೂರ್ತಿ ನಿಷೇಧ ಬಂದಾಗಲೂ, ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗಬಹುದು ಅನ್ನುವ ಕಿಂಡಿ ಉಳಿಯಿತು.

ನಡುವೆ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳಿದ್ದವು. ದುಡಿಯುತ್ತಿದ್ದ ಮಕ್ಕಳಿಗೆ ಪಾಠ, ಊಟ, ಒಂದಿಷ್ಟು ಕಸುಬು, ತಿಂಗಳಿಗೆ ₹100 ಭತ್ಯೆ. ಅದು ₹150 ಆಗಿ, ಕೊನೆಗೆ ₹400 ಆಯಿತು. ಯೋಜನೆಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಲೋಪ ಬೇಕಾದಷ್ಟಿದ್ದವು. ಆದರೂ ಕೆಲಸದಿಂದ ಬಿಡಿಸಿದ ಮಗುವನ್ನು ಮರುದಿನ ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಒಂದು ಉತ್ತರವಾದರೂ ಇತ್ತು, ಅಲ್ವಾ? 2021ರಲ್ಲಿ ಇದನ್ನು ಶಾಲಾ ಶಿಕ್ಷಣದ ಕೇಂದ್ರ ಯೋಜನೆಯಾದ ‘ಸಮಗ್ರ ಶಿಕ್ಷಣ’ದಲ್ಲಿ ವಿಲೀನ ಮಾಡಿದರು. ಕಾಗದದ ಮೇಲೆ ಅಚ್ಚುಕಟ್ಟೇ. ಆದರೆ ಐದನೇ ಕ್ಲಾಸಿಗೇ ಪುಸ್ತಕ ಬಿಟ್ಟವನು ವಯಸ್ಸಿಗೆ ತಕ್ಕ ಕ್ಲಾಸು ಅಂತ ಏಕಾಏಕಿ ಎಂಟನೇ ಕ್ಲಾಸಿನ ಬೆಂಚಿನಲ್ಲಿ ಜಾಸ್ತಿ ದಿನ ಕೂರುವುದು ಕಷ್ಟ.

ಪಾಲಿಕೆ ಹತ್ತಿರ ದುಡ್ಡಿಲ್ಲ ಅನ್ನುವಂತೆಯೂ ಇಲ್ಲ. ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ರಾಜ್ಯದ ನಗರ ಸಂಸ್ಥೆಗಳು ನಿಧಿ ತೆಗೆದಿಡಬೇಕು. ಅದರಲ್ಲೇ ವಿದ್ಯಾರ್ಥಿಗಳಿಗೆ ಸಹಾಯಧನವೂ ಸಿಗುತ್ತದೆ. ಅರ್ಜಿ ಜೊತೆ ಅಂಕಪಟ್ಟಿ ಲಗತ್ತಿಸಬೇಕು. ಭಟ್ಟಿಯ ಹುಡುಗನ ಹತ್ತಿರ ಇಲ್ಲದಿರುವುದು ಅದೇ.