ಕೈಫಿಯತ್ತು: ಊರು ತನ್ನ ಬಗ್ಗೆ ಕೊಟ್ಟ ಹೇಳಿಕೆ

ಊರಿನ ಚರಿತ್ರೆ ಹೇಳುವ ಪುಸ್ತಕಗಳಲ್ಲಿ 'ಇಲ್ಲಿಯ ಕೈಫಿಯತ್ತಿನ ಪ್ರಕಾರ' ಎಂಬ ಮಾತು ಆಗಾಗ ಬರುತ್ತದೆ. ಬಹಳ ಜನ ಇದನ್ನು ಸ್ಥಳಪುರಾಣ ಅಂದುಕೊಂಡು ಮುಂದೆ ಓದುತ್ತಾರೆ. ಸ್ಥಳಪುರಾಣ ಅದರೊಳಗೆ ಇರುತ್ತದೆ, ನಿಜ. ಜೊತೆಗೆ ಕೆರೆ, ಕಂದಾಯ, ಜಗಳ, ಜಾತ್ರೆ ಎಲ್ಲವೂ ಇರುತ್ತವೆ.

ಪದ ಅರಬ್ಬಿಯಿಂದ ಪಾರ್ಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದದ್ದು. ಸ್ಥಿತಿಗತಿ, ವಿವರ ಎಂದು ಅರ್ಥ. ಮರಾಠಿಯಲ್ಲಿ ಪ್ರತಿವಾದಿ ಕೋರ್ಟಿಗೆ ಬರೆದುಕೊಡುವ ಹೇಳಿಕೆಗೂ ಇದೇ ಹೆಸರು. ಚರಿತ್ರೆ ಓದುವವರ ಮಾತಿನಲ್ಲಿ ಕೈಫಿಯತ್ತು ಅಂದರೆ, ಮುಖ್ಯವಾಗಿ 1800ರ ಆಚೀಚೆ ಸರ್ಕಾರದ ಕಡೆಯವರು ಬಂದು ಕೇಳಿದಾಗ ಊರಿನ ಶಾನುಭೋಗರು, ಹಿರಿಯರು ಬರೆಸಿಕೊಟ್ಟ ಊರಿನ ಸಮಾಚಾರ.

ಹಾಗೆ ಕೇಳಿಸಿದವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡುವ ಕೆಲಸವನ್ನು ಈಸ್ಟ್ ಇಂಡಿಯಾ ಕಂಪನಿ ಇವನಿಗೆ ಒಪ್ಪಿಸಿತು. ಸಂಬಳ ಬರುತ್ತಿದ್ದದ್ದು ನಕ್ಷೆಗೆ. ಓಲೆಗರಿ, ನಾಣ್ಯ, ಶಾಸನದ ಪ್ರತಿ ಕೂಡಿಹಾಕುವುದು ಅವನಿಗೆ ಹತ್ತಿದ ಹುಚ್ಚು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಆಮೇಲೆ ಪಟ್ಟಿ ಮಾಡಿದಾಗ ಶಾಸನದ ಪ್ರತಿಗಳೇ 8,076 ಇದ್ದವು, ನಾಣ್ಯಗಳು 6,218. ಕೈಫಿಯತ್ತಿನಂಥ ಸ್ಥಳೀಯ ಬರಹಗಳು 2,070.

ಆದರೆ ಮೆಕೆಂಜಿಗೆ ಕನ್ನಡ ಬರುತ್ತಿರಲಿಲ್ಲ, ತೆಲುಗೂ ಬರುತ್ತಿರಲಿಲ್ಲ! ಊರೂರು ಸುತ್ತಿ, ಜನರನ್ನು ಮಾತಾಡಿಸಿ, ಬರೆಸಿಕೊಂಡು ಬಂದವರು ಅವನ ಸಹಾಯಕರು. ಅವರಲ್ಲಿ ಮುಖ್ಯನಾದವನು ಕಾವಲಿ ವೆಂಕಟ ಬೋರಯ್ಯ. ಅವನು 1803ರಲ್ಲೇ ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯ ಆ ಜಾಗಕ್ಕೆ ಬಂದ. ಜೈನರ ವಿಷಯ ಹೇಳಲು ಧರ್ಮಯ್ಯ ಇದ್ದ, ಕನಕಗಿರಿಯ ದೇವಚಂದ್ರನೂ ಮಾಹಿತಿ ಕೊಟ್ಟ. ಮೆಕೆಂಜಿ ಸತ್ತ ಮೇಲೆ ಈ ಕೆಲಸವನ್ನು ತಾನೇ ಮುಂದುವರಿಸುತ್ತೇನೆ ಎಂದು ಲಕ್ಷ್ಮಯ್ಯ ಕೇಳಿಕೊಂಡ. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯವರು ಒಪ್ಪಲಿಲ್ಲ. ಅಷ್ಟು ವರ್ಷ ಊರೂರು ತಿರುಗಿದವನಿಗಿಂತ ಅರ್ಹರು ಇನ್ಯಾರಿದ್ದರೋ, ಅವರಿಗೇ ಗೊತ್ತು.

ಶಾನುಭೋಗರು ಎಲ್ಲವನ್ನೂ ಸುಮ್ನೆ ನೆನಪಿನಿಂದ ಹೇಳಿದ್ದಲ್ಲ. ಅವರ ಮನೆಯಲ್ಲಿ ಕಡತ ಇರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆಯುವುದು. ಹೊಲದ ಅಳತೆ, ಇನಾಮು, ಬಂದ ಕಂದಾಯ ಎಲ್ಲ ಅದರಲ್ಲೇ. ಲೆಕ್ಕ ಹಳತಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಅವರಿಗೆ ಇದು ಅನುಕೂಲ, ನಮಗೆ ನಷ್ಟ. ಶೃಂಗೇರಿ ಮಠದಂಥ ಕಡೆ ಇಂಥ ಕಡತಗಳು ಉಳಿದು ಬಂದಿವೆ.

ಊರು ಕಟ್ಟಿದ ಕಥೆ ಕೈಫಿಯತ್ತುಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊಲ ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು, ಹಾಗಾಗಿ ಇದು ಗಂಡುಭೂಮಿ. ಇಲ್ಲವೇ ಹಸು ಹುತ್ತದ ಮೇಲೆ ಹಾಲು ಸುರಿಸಿತು, ಅಗೆದರೆ ಲಿಂಗ ಸಿಕ್ಕಿತು. ಕೆಳದಿಯ ರಾಮೇಶ್ವರನ ಕಥೆಯೂ ಇದೇ. ಇಂಥ ಕಥೆ ಬಂದ ಕೂಡಲೇ ಪುಸ್ತಕ ಮುಚ್ಚಿಡಬೇಡಿ. ಯಾವ ಪಾಳೆಯಗಾರ ಯಾರಿಗೆ ಎಷ್ಟು ಪೊಗದಿ (ಕಪ್ಪ) ಕೊಡುತ್ತಿದ್ದ, ಕೆರೆ ಯಾರು ಕಟ್ಟಿಸಿದರು, ಊರು ಯಾವಾಗ ಹಾಳಾಗಿ ಮತ್ತೆ ತುಂಬಿತು ಎಂಬಂಥ ವಿವರಗಳು ಅದರ ಮುಂದೆಯೇ ಇರುತ್ತವೆ. ಶಾಸನಗಳು ಇಷ್ಟನ್ನೆಲ್ಲ ಹೇಳುವುದಿಲ್ಲ.

ಹಾಗಾದರೆ ನಂಬಬಹುದಾ? ಮರಾಠಿಯ ಕೋರ್ಟಿನ ಅರ್ಥ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೈಫಿಯತ್ತನ್ನು ಒಬ್ಬ ಕಕ್ಷಿದಾರನ ಹೇಳಿಕೆಯಂತೆ ಓದಬೇಕು ಎನ್ನುವುದು ನನ್ನ ಅಭಿಪ್ರಾಯ. ರಾಜ್ಯ ಆಗಷ್ಟೇ ಕೈ ಬದಲಾಗಿತ್ತು. ಹೊಸ ಸರ್ಕಾರದವರು ಬಂದು 'ಈ ಭೂಮಿ ಯಾರದು, ಯಾರು ಕೊಟ್ಟರು' ಎಂದು ಕೇಳಿದರೆ, ಇನಾಮು ಇದ್ದವರು ಅದು ತಲೆತಲಾಂತರದಿಂದ ಬಂದದ್ದು ಎಂದೇ ಹೇಳುತ್ತಾರೆ, ಅಲ್ವಾ? ಪದವಿ ಕಳೆದುಕೊಂಡ ಪಾಳೆಯಗಾರರ ಮನೆಯವರು ತಮ್ಮ ಅಜ್ಜಂದಿರನ್ನು ಇನ್ನಷ್ಟು ದೊಡ್ಡವರನ್ನಾಗಿ ಮಾಡುತ್ತಾರೆ. ಹೊಲೆಗೇರಿಯವರ ಮಾತು, ಹೆಂಗಸರ ಮಾತು ಶಾನುಭೋಗರ ಲೇಖನಿಗೆ ಬಂದದ್ದು ಬಹಳ ಕಡಿಮೆ. ಹಾಗಂತ ಇದು ಸುಳ್ಳಿನ ಕಂತೆಯಲ್ಲ. ಊರು ಆ ಹೊತ್ತಿನಲ್ಲಿ ಏನು ಹೇಳಿಕೊಳ್ಳಬೇಕೆಂದಿತ್ತು ಎಂಬುದೂ ಚರಿತ್ರೆಯೇ. ಇಸವಿ, ಅರಸರ ಹೆಸರು ಬಂದ ಕಡೆ ಶಾಸನದ ಜೊತೆ ಹೋಲಿಸಿ ನೋಡಿ. ಶಾಸನತಜ್ಞ ಬಿ.ಎಲ್. ರೈಸ್ ಶುರುಮಾಡಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇರುವುದರಿಂದ ಹುಡುಕುವುದು ಸುಲಭ.

ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಒಟ್ಟುಗೂಡಿಸಿ ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಹಸ್ತಪ್ರತಿಗಳು ಚೆನ್ನೈನ ಸರ್ಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿವೆ, ಒಂದಷ್ಟು ಸಾಮಗ್ರಿ ಲಂಡನ್ನಿನಲ್ಲಿದೆ.

ನಿಮ್ಮ ಊರಿನದು ಅವುಗಳಲ್ಲಿ ಇಲ್ಲದಿದ್ದರೆ ಹಳೆಯ ಶಾನುಭೋಗರ ಮನೆಯಲ್ಲಿ ವಿಚಾರಿಸಿ. ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ಹೋಯಿತು, ಆದರೆ ಅಟ್ಟದ ಮೇಲಿನ ಗಂಟುಗಳು ಎಲ್ಲ ಮನೆಯಿಂದಲೂ ಹೋಗಿಲ್ಲ. ಕಡತ ಸಿಕ್ಕರೆ ಧೂಳು ಒರೆಸಲು ಹೋಗಬೇಡಿ, ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಬಳಪದ ಅಕ್ಷರ ಒರೆಸಿದರೆ ಹೋಗಿಬಿಡುತ್ತದೆ. ಮೊದಲು ಪ್ರತಿ ಮಡಿಕೆಯ ಫೋಟೋ ತೆಗೆದುಕೊಳ್ಳಿ. ಯಾರ ಮನೆಯದು, ಯಾರು ತೋರಿಸಿದರು, ಯಾವ ದಿನ ಎಂಬುದನ್ನು ಅವರ ಒಪ್ಪಿಗೆ ಪಡೆದು ಅಲ್ಲೇ ಬರೆದಿಡಿ. ಓದುವ ಕೆಲಸ ನಿಧಾನಕ್ಕೆ ಮಾಡಿದರಾಯಿತು, ಆ ಮೋಡಿ ಅಕ್ಷರ, ಅಂದರೆ ಕೈ ಎತ್ತದೆ ಕೂಡಿಸಿ ಬರೆದ ಬರಹ, ಹೇಗಿದ್ದರೂ ಒಂದೇ ಸಲಕ್ಕೆ ಬಗ್ಗುವುದಿಲ್ಲ.